ನೀರಿನ ಬೆನ್ನು

೧೯೭೮ರ ದೀಪಾವಳಿ ಮುಗಿದ ವಾರ, ಬಹಳ ದಿನದಿಂದ ಗುದ್ಲೆಪ್ಪ ಮಾತು ಬಿಟ್ಟಿದ್ದ ಅವನ ಅಕ್ಕನ ಗಂಡ ಹೊಳಬಸಪ್ಪ ಆಡೂರಿಗೆ ಬಂದು ಅವನ ಮನೆಯ ಕಟ್ಟೆಯ ಮೇಲೆ ಕುಳಿತ.

"ನನ್ನ ಹಗ್ಗದಾಗ ಕಟ್ಟಿ ಕೋಡಗಲ್ಲಿನಿಂದ ಕೆಳಗ ಬಿಡಬೇಕು, ಗುದ್ಲೆಪ್ಪ. ನೀನ ಬರಬೇಕು."

"ಬಿಟ್ಟಮ್ಯಾಲ ಎಳೀಬೇಕೋ, ಬ್ಯಾಡೋ?" ಎಂದ ಗುದ್ಲೆಪ್ಪ.

ಅಕ್ಕಿಆಲೂರಿನ ಹೊಳಬಸಪ್ಪ ನಾಟಕದ ಪರದೆ ಬರೆಯುವವ. ಶಿಗ್ಗಾಂವಿಯಿಂದ ಹಿರೇಕೆರೂರಿನ ತನಕ ಎಲ್ಲಿ ನಾಟಕವಾದರೂ ಅರಮನೆ, ಬೀದಿ, ಕಾಡು ಎಲ್ಲವೂ ಅವನ ಕೈಯದೇ. ಈಗ ಗಂಗೆ ಭೂಮಿಗಿಳಿಯುವ ಪರದೆಗೆ ಕೈ ಹಾಕಿದ್ದ. ಬರೆದಷ್ಟು ಸಲವೂ ಸುಣ್ಣ ಬಳಿದು ಅಳಿಸಿದ್ದ. 'ಇದು ನೀರಲ್ಲ, ಧೋತರ ಒಣಾ ಹಾಕಿದಂಗೈತಿ' ಎಂಬುದು ಅವನದೇ ತೀರ್ಪು. ಈ ಹುಚ್ಚಿಗೆ ಮನೆಯ ಹಿತ್ತಲ ಬಾಗಿಲನ್ನೇ ಕಿತ್ತು ಬರೆಯುವ ಹಲಗೆ ಮಾಡಿಕೊಂಡಿದ್ದ. ಹೆಂಡತಿ ದಾನವ್ವ ಆ ಕಂಡಿಗೆ ಗೋಣಿತಟ್ಟು ಕಟ್ಟಿ ಚಳಿಗಾಲ ಕಳೆಯುತ್ತಿದ್ದಳು. ಗುದ್ಲೆಪ್ಪ ಮಾತು ಬಿಟ್ಟದ್ದು ಆ ಬಾಗಿಲಿಗಾಗಿಯೇ.

ಹಾನಗಲ್ಲಿನ ಪಡುವಣ ಕಾಡಿನಲ್ಲಿ ಕೋಡಗಲ್ಲಿನ ಮೇಲಿಂದ ಹಳ್ಳ ಧುಮುಕುತ್ತದೆ. ಅರ್ಧಕ್ಕೆ, ಬೀಳುವ ನೀರಿನ ಹಿಂದೆ, ಒಬ್ಬ ಕೂಡುವಷ್ಟು ಗವಿಯಿದೆ. ಅಲ್ಲಿ ಕುಳಿತು, ಬೆಳಗಿನ ಬಿಸಿಲು ಹಾಯುವಾಗ ನೀರಿನ ಬೆನ್ನು ನೋಡಬೇಕೆಂಬುದು ಹೊಳಬಸಪ್ಪನ ಹಟ. ದಾರಿ ಬಲ್ಲವನು ಜೇನು ಕೀಳುವ ಉಳವಪ್ಪ ಒಬ್ಬನೇ. ಅವನ ಮಂದಿಯಲ್ಲೊಂದು ಕಟ್ಟಳೆ: ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ತಮ್ಮನೇ ಹಿಡಿಯಬೇಕು. ಒಡಹುಟ್ಟಿದವರಾದರೆ ಹೊಲದ ಪಾಲಿನ ಆಸೆಗೆ ಕೈ ಬಿಟ್ಟಾರು, ಅಕ್ಕನ ಕುಂಕುಮ ಅಳಿಸಲು ಯಾವ ತಮ್ಮನೂ ಒಪ್ಪಲಾರ.

"ಬರ್ತೇನ್ರಿ ಮಾವಾರ," ಎಂದ ಗುದ್ಲೆಪ್ಪ. "ಆದ್ರ ಒಂದು ಕರಾರು. ಈ ಪರದೆ ಮುಗಿದ ದಿನ ಬ್ರಷ್ ನನ್ನ ಕೈಯಾಗ ಕೊಡಬೇಕು. ಆಮ್ಯಾಲ ಸಾಯೂತನಕ ಬಣ್ಣ ಮುಟ್ಟಂಗಿಲ್ಲ. ಅಕ್ಕನ ಜೋಡಿ ಸಂಸಾರ ಮಾಡ್ರಿ."

ಇವ ಎದ್ದು ಹೋಗುತ್ತಾನೆ ಎಂದೇ ಗುದ್ಲೆಪ್ಪ ತಿಳಿದಿದ್ದ. ಹೊಳಬಸಪ್ಪನ ಮುಖ ಬಾಡಿತು. ತನ್ನ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿಕೊಂಡ.

"ಆತು," ಎಂದ. "ದಾನವ್ವನಾಣಿ."

ಮೂವರೂ ಹೊರಟರು. ಭತ್ತದ ಗದ್ದೆಗಳು ಹಿಂದೆ ಸರಿದು, ಬಿದಿರು ಬಂತು, ಬಿದಿರು ದಾಟಿದರೆ ಮತ್ತಿ ಮರಗಳ ದಟ್ಟ ನೆರಳು. ಇಬ್ಬನಿಗೆ ಅಂಗಿ ತೊಯ್ದು ಮೈಗಂಟಿತು. ಉಳವಪ್ಪ ಕುಡಗೋಲಿನಿಂದ ಮುಳ್ಳು ಸವರುತ್ತ ಮುಂದೆ, ಪುಂಡಿನಾರಿನ ಹಗ್ಗ ಹೊತ್ತ ಗುದ್ಲೆಪ್ಪ ಹಿಂದೆ. ನಡುವೆ ಹೊಳಬಸಪ್ಪ, ಎಲೆಯ ಸಂದಿಯಿಂದ ಬೆಳಕು ಕಂಡಲ್ಲೆಲ್ಲ ನಿಂತು ಬೈಸಿಕೊಳ್ಳುತ್ತ ನಡೆದ. ದೂರದಲ್ಲಿ ನೀರಿನ ಮೊರೆತ ಕೇಳಿಸಿದಾಗ ಮಾತ್ರ ಓಡತೊಡಗಿದ.

ಬಂಡೆಯ ಮಗ್ಗುಲಿಗೆ ಹೆಜ್ಜೇನು ಗೂಡಿನ ಕರಿ ಹಲ್ಲೆಗಳು ಜೋತಿದ್ದವು.

"ಎಣ್ಣಿ, ಬಣ್ಣ, ಬೀಡಿ ಏನೂ ಬ್ಯಾಡ್ರಿ," ಎಂದ ಉಳವಪ್ಪ. "ವಾಸನಿ ಬಡದ್ರ ಹುಳ ಏಳ್ತಾವ. ಬರೇ ಕಣ್ಣು ಒಯ್ರಿ. ಒಂದು ಸಲ ಜಗ್ಗಿದ್ರ ಇಳಿಸೂದು, ಎರಡು ಸಲ ಜಗ್ಗಿದ್ರ ಎಳಿಯೂದು."

ಮತ್ತಿ ಮರಕ್ಕೆ ಒಂದು ಸುತ್ತು ಹಾಕಿ ಗುದ್ಲೆಪ್ಪ ಹಗ್ಗ ಬಿಡುತ್ತ ಹೋದ. ಭಾರ ಹಗುರಾಯಿತು. ಮಾವ ಗವಿ ಮುಟ್ಟಿದ್ದ.

ಬಿಸಿಲು ಬಂತು. ಹಗ್ಗ ಅಲುಗಲಿಲ್ಲ.

"ಬರ್ರಿ ಸಾಕು!"

"ಇನ್ನೊಂದೀಟು ತಡಿಯೋ! ಈಗ ಬೆಳಕು ಬಂದೈತಿ!"

ಆಗ ಗಾಳಿಯಲ್ಲಿ ಟರ್ಪಂಟೈನ್ ವಾಸನೆ ಬಂತು. ಉಳವಪ್ಪ ಹಣೆ ಚಚ್ಚಿಕೊಂಡ. ಪುಣ್ಯಾತ್ಮ ಅಂಗಿಯೊಳಗೆ ಬಣ್ಣದ ಡಬ್ಬಿ ಬಚ್ಚಿಟ್ಟುಕೊಂಡು ಇಳಿದಿದ್ದ!

ಹಲ್ಲೆ ಒಮ್ಮೆ ನಡುಗಿತು. ಹುಳ ಎದ್ದವು.

ಹಗ್ಗ ಎರಡು ಸಲ ಜಗ್ಗಿತು. ಗುದ್ಲೆಪ್ಪ ಎಳೆದ. ಹುಳಗಳು ಮೇಲಕ್ಕೂ ಬಂದವು. ಒಂದು ಕಿವಿಗೆ, ಒಂದು ಕೊರಳಿಗೆ, ಆಮೇಲೆ ಎರಡೂ ಕೈಗೆ. ಕೊಡವಿಕೊಳ್ಳಲು ಒಂದು ಕೈ ಬಿಟ್ಟರೂ ಮಾವ ಕಲ್ಲಿನ ಮೇಲೆ ಬೀಳುತ್ತಾನೆ. ಮುಂಗೈಯೆಲ್ಲ ಬೆಂಕಿಯಾಯಿತು. ಕಣ್ಣ ಮುಂದೆ ಅಕ್ಕನ ಹಣೆ ಬಂತು.

ಉಳವಪ್ಪ ಓಡಿ ಬಂದು ಅವನ ಮೇಲೆ ಕಂಬಳಿ ಹೊದಿಸಿದ. ಅಷ್ಟರಲ್ಲಿ ಬಂಡೆಯ ಅಂಚಿಗೆ ತೀಡಿ ಹಗ್ಗದ ಒಂದು ಎಳೆ ಹರಿಯಿತು.

"ನನಗ ಬ್ಯಾಡ! ಕಂಬಳಿ ಹಗ್ಗದ ಬುಡಕ ಹಾಕೋ!"

ಉಳವಪ್ಪ ಹಾಕಿದ. ತಾನೂ ಹಗ್ಗಕ್ಕೆ ಕೈ ಕೊಟ್ಟ. ಇಬ್ಬರೂ ಹಲ್ಲು ಕಚ್ಚಿ ಎಳೆದರು.

ಮೊದಲು ಅಂಚಿಗೆ ಒಂದು ಕೈ ಬಂತು, ಆಮೇಲೆ ಊದಿದ ಮುಖ. ಹೊಳಬಸಪ್ಪ ಒಂದು ರಟ್ಟನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ. ಅದರ ಮೇಲೆ ಹಸಿ ಬಣ್ಣದ ನಾಲ್ಕು ಗೆರೆ!

ಮೂವರೂ ಬಿದಿರ ಮೆಳೆಯೊಳಗೆ ಓಡಿ ಬಿದ್ದರು. ಹಸಿ ಸೊಪ್ಪಿನ ಹೊಗೆ ಹಾಕಿ ಉಳವಪ್ಪ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಮರಳುವಾಗ ಹೊಳಬಸಪ್ಪನ ಕಣ್ಣು ಊದಿ ಮುಚ್ಚಿದ್ದವು. ಗುದ್ಲೆಪ್ಪನ ಹೆಗಲು ಹಿಡಿದು ಎಡವುತ್ತ ನಡೆದ, ಬಾಯಿ ಮಾತ್ರ ಮುಚ್ಚಲಿಲ್ಲ. "ನೀರು ಬೆಳ್ಳಗಿಲ್ಲೋ ಗುದ್ಲೆಪ್ಪ. ಒಳಗಿಂದ ನೋಡಿದ್ರ ಕರ್ರಗ ಇರ್ತೈತಿ. ಬಿಸಲು ಬಿದ್ದ ಕೂಡ್ಲೆ ಎಳಿ ಬಾಳಿ ಎಲಿ ಆಗತೈತಿ." ಸಾವಿನ ಬಾಯಿಂದ ಬಂದವನ ಮಾತೇ ಇದು? ಬೈಯಬೇಕೆಂದುಕೊಂಡ ಗುದ್ಲೆಪ್ಪ, "ಮತ್ತ?" ಎಂದು ಕೇಳಿದ.

ಸಂಕ್ರಾಂತಿಯ ಹೊತ್ತಿಗೆ ಹೊಳಬಸಪ್ಪನಿಂದ ಕರೆ ಬಂತು. ಅಕ್ಕಿಆಲೂರಿನ ಭತ್ತದ ಗೋದಾಮಿನಲ್ಲಿ ಪರದೆ ಇಳಿಬಿಟ್ಟಿದ್ದರು. ಗುದ್ಲೆಪ್ಪ ಅಕ್ಕನೊಂದಿಗೆ ಒಳಗೆ ಬಂದು ಹಾಗೇ ನಿಂತ. ಮಗ್ಗುಲಲ್ಲಿ ದಾನವ್ವ ತನಗರಿವಿಲ್ಲದೆ ಸೀರೆಯ ಅಂಚು ಎತ್ತಿ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು. ಗುದ್ಲೆಪ್ಪನ ಎದೆ ತುಂಬಿ ಬಂತು. ಇಂಥವನ ಕೈ ಕಟ್ಟಲು ಹೊರಟಿದ್ದೆನಲ್ಲ ಎನ್ನಿಸಿತು.

ಕೆಳಗಿನ ಮೂಲೆಯಲ್ಲಿ ಅಂಗೈಯಗಲ ಜಾಗ ಖಾಲಿಯಿತ್ತು. ಹೊಳಬಸಪ್ಪ ಅದರ ಮುಂದೆ ಕುಳಿತಿದ್ದ.

"ಇದೊಂದು ತುಂಬಿದ್ರ ಮುಗೀತು," ಎಂದ. "ಮಾತಂದ್ರ ಮಾತು. ಬ್ರಷ್ ನೀ ಒಯ್ಯಿ." ಆ ಜಾಗ ತುಂಬಲು ಬ್ರಷ್ ಹಿಡಿದ ಕೈ ಎತ್ತಿದ.

ಗುದ್ಲೆಪ್ಪ ಆ ಕೈ ಹಿಡಿದ. ಹಿಡಿದವನ ಮುಂಗೈ ಮೇಲೆ ಹುಳ ಕಚ್ಚಿದ ಕಲೆಗಳು ಇನ್ನೂ ಮಾಸಿರಲಿಲ್ಲ.

"ಅದನ್ನ ಹಂಗ ಬಿಡ್ರಿ ಮಾವಾರ."

"ಮುಗಿಸಲಿಲ್ಲಂದ್ರ..."

"ಮುಗಿದ ದಿನ ಬ್ರಷ್ ಕೊಡಬೇಕು ಅಂದಿದ್ದೆ. ಮುಗಿಯೂದು ಬ್ಯಾಡ. ಮದಲ ಎದ್ದು ಮನೀಗೆ ನಡೀರಿ, ಹಿತ್ತಲ ಬಾಗಿಲ ಕೂಡಸೂಣು. ಹಗ್ಗ ಹಿಡದಂಗ ಅದನ್ನೂ ನಾ ಹಿಡೀತೇನಿ."

ದಾನವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಬ್ರಷ್ಷನ್ನು ಗಂಡನ ಕೈಯಿಂದ ತೆಗೆದು ಟರ್ಪಂಟೈನ್ ಡಬ್ಬಿಯಲ್ಲಿ ಅದ್ದಿಟ್ಟಳು. "ಒಣಗಿದ್ರ ನಾಳೆ ಮತ್ತ ಬರಿಯಾಕ ಬರೂದಿಲ್ಲ," ಎಂದಳು.