ಹದಿನೇಳನೇ ಟ್ಯಾಬಿನ ಓದುಗ

ಗಡಿಯೂರು ಬೋರಗಾಂವದ ಕನ್ನಡ ಶಾಲೆಯ ರಾಜೇಶ್ವರಿ ಟೀಚರಿಗೆ ಆ ಶನಿವಾರ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಸಂಗ್ರಾಮನ ಕೈಗೆ ಚೀಟಿ ಕೊಟ್ಟು ಇಪ್ಪತ್ತು ದಿನ. ಪುಣ್ಯಾತ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾಳೆ ಅಥಣಿಯಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು.

ಶಾಲೆಯಲ್ಲಿ ಕರೆಂಟಿನದು ಕಣ್ಣಾಮುಚ್ಚಾಲೆ. ಮಕ್ಕಳು ಓದು ಕಲಿಯುವ ಇಪ್ಪತ್ತು ಟ್ಯಾಬುಗಳನ್ನು ಸಂಗ್ರಾಮನೇ ದಿನಾ ಸಂಜೆ ತನ್ನ ತೋಟದ ಮನೆಗೆ ಒಯ್ದು, ಸೋಲಾರಿನಲ್ಲಿ ಚಾರ್ಜ್ ಮಾಡಿ, ಬೆಳಿಗ್ಗೆ ತಂದು ಕೊಡುತ್ತಿದ್ದ. ಕೊಟ್ಟವನು ಸುಮ್ಮನೆ ಹೋಗುತ್ತಿದ್ದನೇ? ಬಾಗಿಲಿಗೊರಗಿ, ತುಟಿ ಬಿಚ್ಚದೆ, ಕಣ್ಣಲ್ಲೇ ನಗುತ್ತಿದ್ದ. ಆ ನಗೆ ನಂಬಿ ಅವಳು ಚೀಟಿ ಬರೆದಿದ್ದಳು.

ಟ್ಯಾಬು ಮಾತ್ರ ಬಲು ಜಾಣ. ಪದ ಮುಟ್ಟಿದರೆ ಹೇಳಿಕೊಡುತ್ತದೆ, ಮಗು ಓದಿದ್ದನ್ನು ಹಿಡಿದಿಟ್ಟು ತಿರುಗಿ ಕೇಳಿಸುತ್ತದೆ. ಬಾಯೇ ಬಿಡದಿದ್ದ ಕೋಮಲ ಈಗ ಪುಟಗಟ್ಟಲೆ ಓದುತ್ತಾಳೆ. ಅವಳದು ಹದಿನೇಳನೆಯದು. ಇವತ್ತು ನೋಡಿದರೆ ಅದರಲ್ಲಿ ಸಂಜೆ ಏಳು ಗಂಟೆಯ ಓದುಗಳೂ ಇದ್ದವು. ಆ ಹೊತ್ತಿಗೆ ಟ್ಯಾಬು ಇರುವುದು ತೋಟದ ಮನೆಯಲ್ಲಿ. ಇದರ ಜೊತೆ ಯಾರ ಆಟ ಇದು ಎಂದು ರಾಜೇಶ್ವರಿ ಹಲ್ಲು ಕಡಿಯುತ್ತ ಒತ್ತಿದಳು.

"ಅ... ರ... ಸ. ಅರಸ."

ಸಂಗ್ರಾಮನ ದನಿ. ತಪ್ಪುತ್ತಿದ್ದ, ಮತ್ತೆ ಓದುತ್ತಿದ್ದ. ಒಂದೇ ಪಾಠ ಹನ್ನೊಂದು ಸಲ. ಮರಾಠಿ ಶಾಲೆಯಲ್ಲಿ ಕಲಿತವನು, ಕನ್ನಡ ಮಾತು ಬಂದರೂ ಓದಲು ಬಾರದು. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಊರಿಗೆಲ್ಲ ಅಕ್ಷರ ಕಲಿಸುವ ಟೀಚರಿಗೆ ಇದು ಹೊಳೆದಿರಲಿಲ್ಲ.

ಕೊನೆಯ ಓದು ನಿನ್ನೆಯದು. "ನೀವು ಬಾಗಿಲಲ್ಲಿ... ನಿಂತರೆ ನನಗೆ ಪಾಠ... ಮರೆಯುತ್ತದೆ." ಅವಳದೇ ಚೀಟಿ, ಅಷ್ಟಕ್ಕೇ ನಿಂತಿತ್ತು. ಅವಳ ಕಣ್ಣು ತುಂಬಿದವು.

ಅಂಗಳದಲ್ಲಿ ಅವನಿನ್ನೂ ಬೈಕಿಗೆ ಖಾಲಿ ಚೀಲ ಕಟ್ಟುತ್ತಿದ್ದ. ಓಡಿದಳು.

"ಚೀಟಿ ಎಲ್ಲೈತ್ರಿ?"

ಅವನು ಅಂಗಿಯ ಜೇಬಿನಿಂದ ತೆಗೆದ. ಕಿವಿ ಕೆಂಪಾಗಿದ್ದವು. "ಅರ್ಧಾ ಓದೇನ್ರಿ ಟೀಚರ. ಉಳಿದದ್ದಕ್ಕ ಇನ್ನೊಂದ ಎಂಟ ದಿನ ಬೇಕು."

"ಯಾರ ಕಡೆಯಿಂದರ ಓದಿಸಿಕೋಬಾರದಿತ್ತೇನ್ರಿ?"

"ನೀವು ನನಗ ಬರದದ್ದು. ಮಂದಿ ಬಾಯಾಗ ಹೆಂಗ ಕೇಳ್ಲಿ?"

"ಎಂಟ ದಿನ ಇಲ್ರಿ. ಈಗ ಓದ್ರಿ."

ಬೆರಳಿಟ್ಟು ಓದಿದ, ಬೆವರಿದ. ತಡವರಿಸಿದಾಗ ಅವಳು ಹೇಳಿಕೊಡಲಿಲ್ಲ, ಕಾದಳು. "ಹುಣ್ಣಿಮೆಗೆ... ಅಥಣಿಯವರು ನನ್ನನ್ನು ನೋಡಲು ಬರುತ್ತಾರೆ. ಅದಕ್ಕೂ ಮೊದಲು... ನಿಮ್ಮ ಮನಸ್ಸು ಹೇಳಿ."

ಅವನ ಮುಖ ಬಿಳಿಚಿತು. "ಹುಣ್ಣಿವಿ ನಾಳೇನ ಐತಲ್ರಿ."

"ಹೌದ್ರಿ."

"ಹಂಗಾರ ಇವತ್ತ ಸಂಜಿಕ ನಮ್ಮ ಅವ್ವನ್ನ ಕರಕೊಂಡ ನಿಮ್ಮ ಮನಿಗೆ ಬರತೀನಿ. ನಿಮ್ಮಪ್ಪಾರಿಗೆ ನಾನ ಕೇಳತೀನಿ."

ರಾಜೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬರ್ರಿ. ಈಗ ಇನ್ನೊಮ್ಮೆ ಓದ್ರಿ, ಮೊದಲಿಂದ."

"ತಪ್ಪೇನರ ಆತೇನ್ರಿ?"

"ಇಲ್ರಿ. ನನಗ ಕೇಳಬೇಕಾಗೇತಿ."