ಕಥೆಗೊಬ್ಬ ಹೂಂಗುಟ್ಟುವವನು

"ಅಜ್ಜೀ, ಸತ್ಯವಾಗ್ಲೂ ಹೇಳ್ತೀನಿ... ನಿನ್ನ ಕಥೆಯ ರಾಜಕುಮಾರ ಮೆಲ್ಬರ್ನಿನ ಟ್ರಾಮ್‌ನಲ್ಲಿ ನನ್ನ ಎದುರಿಗೇ ಕೂತಿದಾನೆ!"

ಶರ್ವಾಣಿ ಫೋನಿನಲ್ಲಿ ಇಷ್ಟು ಗಟ್ಟಿಯಾಗಿ ಹೇಳಿದ್ದು ಒಂದೇ ಧೈರ್ಯದ ಮೇಲೆ. ಆ ಟ್ರಾಮ್‌ನಲ್ಲಿ ಚೀನೀಯರಿದ್ದರು, ಗ್ರೀಕರಿದ್ದರು, ಕೈಯಲ್ಲಿ ಫುಟ್‌ಬಾಲ್ ಹಿಡಿದ ಆಸ್ಟ್ರೇಲಿಯನ್ನರಿದ್ದರು. ಕನ್ನಡದವರು ಎಲ್ಲಿಂದ ಬರಬೇಕು?

"ಹೌದೇನೇ ಪುಟ್ಟಿ? ಹೇಗಿದಾನೆ?" ಮೈಸೂರಿನಲ್ಲಿ ಆಗತಾನೆ ಊಟ ಮುಗಿಸಿ ಎಲೆಯಡಿಕೆ ಮೆಲ್ಲುತ್ತಿದ್ದ ಜಯಲಕ್ಷ್ಮಮ್ಮನವರಿಗೆ ಕುತೂಹಲ.

"ಗುಂಗುರು ಕೂದಲು, ಗೋಧಿ ಬಣ್ಣ, ಏಳು ಸಮುದ್ರದಾಚೆಯವನ ಥರ ಕಣ್ಣು. ಎಲ್ಲಾ ಸರಿ ಅಜ್ಜಿ... ಆದ್ರೆ ಶರ್ಟಿಗೆ ಇಸ್ತ್ರಿ ಇಲ್ಲ! ಹಸು ಬಾಯಿಂದ ಎಳ್ಕೊಂಡ ಹಾಗಿದೆ!"

ಎದುರು ಕುಳಿತವನು ಮೆಲ್ಲನೆ ತಲೆ ಬಗ್ಗಿಸಿ, ಅಂಗೈಯಿಂದ ಶರ್ಟಿನ ಮುಂಭಾಗವನ್ನು ಸವರಿಕೊಂಡ.

ಶರ್ವಾಣಿ ಅದನ್ನು ಗಮನಿಸಲಿಲ್ಲ. ಅವಳ ಸ್ಟಾಪ್ ಬಂದಿತ್ತು.

ಗಡಿಬಿಡಿಯಲ್ಲಿ ಇಳಿಯುವಾಗ ಕುತ್ತಿಗೆಯ ಶಾಲು ಸೀಟಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿ ಅವಳ ಕೈಗಿತ್ತವನು ಅವನೇ! ಬೆರಳು ತಾಗಿದ್ದು ಒಂದು ಕ್ಷಣ. ಆ ಕಣ್ಣುಗಳಲ್ಲಿ ಏನೋ ತುಂಟ ನಗು...

'ಇವನ್ಯಾಕೆ ಹೀಗೆ ನಗ್ತಾನೆ?'

ಇನ್ನೂ ದೊಡ್ಡ ಅಚ್ಚರಿ ಅವಳು ಅಂದು ಸೇರಲಿದ್ದ ಸ್ಪ್ಯಾನಿಷ್ ಕ್ಲಾಸಿನಲ್ಲಿ ಕಾದಿತ್ತು. ಅವಳ ಹಿಂದೆಯೇ ಕ್ಲಾಸಿನ ಬಾಗಿಲು ತಳ್ಳಿಕೊಂಡು ಬಂದವನೂ ಅವನೇ!

ಶರ್ವಾಣಿ ಮೆಲ್ಬರ್ನಿಗೆ ಬಂದಿದ್ದು ಪುಟ್ಟ ಮಕ್ಕಳ ಶಿಕ್ಷಣದ ಬಗ್ಗೆ ಓದಲು. ಹುಟ್ಟಿದಾಗಿನಿಂದ ಅಜ್ಜಿಯ ಕಥೆ ಕೇಳಿ ಬೆಳೆದವಳಿಗೆ ಒಂದೇ ಕನಸು... ಆ ಕಥೆಗಳನ್ನು ಲೋಕದ ಮಕ್ಕಳಿಗೆಲ್ಲ ಹೇಳಬೇಕು. ಸಿಡ್ನಿಯ ಒಂದು ಶಿಶುವಿಹಾರದಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಕಲಿಸುತ್ತಿದ್ದರು. ಅಲ್ಲಿ ತರಬೇತಿಗೆ ಸೇರಬೇಕಾದರೆ ಈ ಸ್ಪ್ಯಾನಿಷ್ ಕೋರ್ಸಿನ ಕೊನೆಗೆ ಅದೇ ಭಾಷೆಯಲ್ಲಿ ಒಂದು ಕಥೆ ಹೇಳಿ ಪಾಸಾಗಬೇಕಿತ್ತು.

ಟೀಚರ್ ಇನೆಸ್ ಚಿಲಿ ದೇಶದವರು. ನೋಡಲು ಅತ್ತೆಯಂತೆ, ನಿಯಮದಲ್ಲಿ ಹೆಡ್ಮಾಸ್ಟರಂತೆ. ಮೊದಲ ದಿನವೇ ಎಲ್ಲರಿಗೂ ಒಂದೊಂದು ಸ್ಪ್ಯಾನಿಷ್ ಹೆಸರಿಟ್ಟರು. ಶರ್ವಾಣಿ 'ಲೂನಾ' ಆದಳು, ಅಂದರೆ ಚಂದ್ರ. ಗುಂಗುರು ಕೂದಲಿನವನು 'ರಮೋನ್'. ಇಬ್ಬರನ್ನೂ ಜೋಡಿ ಮಾಡಿದರು.

"ಕೋರ್ಸ್ ಮುಗಿಯುವ ತನಕ ಜೋಡಿಗಳು ತಮ್ಮೊಳಗೆ ಸ್ಪ್ಯಾನಿಷ್ ಮಾತ್ರ ಮಾತಾಡಬೇಕು. ಹೊರಗೂ ಅಷ್ಟೇ! ತಪ್ಪಿದವರು ಇಡೀ ಕ್ಲಾಸಿಗೆ ಬಿಸ್ಕತ್ತು ತರಬೇಕು."

"ನಿಮ್ಮ ಊರು ಯಾವುದು?" ಶರ್ವಾಣಿ ಪುಸ್ತಕ ನೋಡಿಕೊಂಡು ಸ್ಪ್ಯಾನಿಷ್‌ನಲ್ಲಿ ಕೇಳಿದಳು.

"ಸಮುದ್ರದ ಹತ್ತಿರ," ಎಂದ ರಮೋನ್.

"ಸ್ಪ್ಯಾನಿಷ್ ಯಾಕೆ ಕಲೀತಿದ್ದೀರಿ?"

ಅವನು ಬಹಳ ಹೊತ್ತು ಪದ ಹುಡುಕಿದ. "ಒಬ್ಬ ಅಜ್ಜಿಯ ಜೊತೆ ಮಾತಾಡಲು."

ಸಮುದ್ರ, ಅಜ್ಜಿ, ಗುಂಗುರು ಕೂದಲು... ಶರ್ವಾಣಿ ಅಲ್ಲೇ ತೀರ್ಮಾನಿಸಿಬಿಟ್ಟಳು. ದಕ್ಷಿಣ ಅಮೆರಿಕದವನು! ಇಲ್ಲೇ ಹುಟ್ಟಿ ಮಾತು ಮರೆತಿದ್ದಾನೆ, ಈಗ ತನ್ನ ಅಜ್ಜಿಗಾಗಿ ಕಲಿಯುತ್ತಿದ್ದಾನೆ. ಪಾಪ!

ಘಟ್ಟದ ಮೇಲಿನ ಹುಡುಗಿಗೆ ಸಮುದ್ರವೆಂದರೆ ಏಳು ಕಡಲಿನಾಚೆಯದೇ ನೆನಪಾಯಿತು. ಮೈಸೂರಿನಿಂದ ಒಂದು ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಸಿಗುವ ನಮ್ಮದೇ ಕಡಲೊಂದಿದೆ ಎಂಬುದು ಹೊಳೆಯಲೇ ಇಲ್ಲ!

ಮುಂದಿನ ಕ್ಲಾಸಿಗೆ ರಮೋನ್ ಗರಿಗರಿ ಇಸ್ತ್ರಿಯ ಶರ್ಟಿನಲ್ಲಿ ಬಂದ. 'ಪರವಾಗಿಲ್ವೇ!' ಎಂದುಕೊಂಡಳು ಶರ್ವಾಣಿ.

ಹೊಸ ಊರು ನಿಧಾನಕ್ಕೆ ಅವಳದಾಗುತ್ತಿತ್ತು. ಟಿಕೆಟ್ಟಿನ ಕಾರ್ಡನ್ನು ಯಂತ್ರಕ್ಕೆ ತಟ್ಟದೆ ಟ್ರಾಮ್ ಹತ್ತಿದರೆ ಎದೆ ಹೊಡೆದುಕೊಳ್ಳುವುದು, ಒಂದೇ ದಿನದಲ್ಲಿ ಬಿಸಿಲು ಮಳೆ ಚಳಿ ಮೂರನ್ನೂ ಕಾಣುವುದು, ಗೆಳತಿಯರೊಂದಿಗೆ ಹಂಚಿಕೊಂಡ ಮನೆಯ ಅಡುಗೆಕೋಣೆಯಲ್ಲಿ ಸಾರಿನ ಪುಡಿ ಬಚ್ಚಿಡುವುದು... ಎಲ್ಲ ರೂಢಿಯಾಯಿತು.

ಕ್ಲಾಸು ಮುಗಿದ ಮೇಲೆ ರಮೋನ್ ಜೊತೆ ಕಾಫಿ ಕುಡಿಯುವುದೂ ರೂಢಿಯಾಯಿತು.

ಮಾತಾಡಲು ಪದಗಳೇ ಇರಲಿಲ್ಲ! ನೀರು, ರೊಟ್ಟಿ, ಮಳೆ, ಕೆಂಪು ಕುರ್ಚಿ... ಇಷ್ಟೇ ಬಂಡವಾಳ. "ಇವತ್ತು ಮಳೆ," ಅನ್ನುತ್ತಿದ್ದಳು ಅವಳು. "ಹೌದು, ಮಳೆ ಒಳ್ಳೆಯದು," ಅನ್ನುತ್ತಿದ್ದ ಅವನು. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ಸುಳ್ಳು ಹೇಳುವಷ್ಟು ಭಾಷೆ ಇಬ್ಬರಿಗೂ ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಅವನ ಎದುರು ಅವಳಿಗೆ ಅಷ್ಟೊಂದು ಹಗುರ.

ಅಜ್ಜಿಯ ಫೋನು ಬಂದರೆ ಅವನ ಎದುರೇ ಎತ್ತುತ್ತಿದ್ದಳು.

"ಕೈ ಮರಗಟ್ಟಿ ಹೋಗಿದೆ ಅಜ್ಜಿ, ಗ್ಲೌಸ್ ತಗೋಬೇಕು, ಮರೆತೇ ಹೋಗತ್ತೆ..."

ಮರುವಾರ ರಮೋನ್ ಮೇಜಿನ ಮೇಲೊಂದು ಪೊಟ್ಟಣವಿಟ್ಟ. ಒಳಗೆ ಉಣ್ಣೆಯ ನೀಲಿ ಗ್ಲೌಸು!

'ಇವನು ಮನಸ್ಸನ್ನೇ ಓದ್ತಾನಾ?' ಶರ್ವಾಣಿ ಅಲ್ಲೇ ಗ್ಲೌಸು ತೊಟ್ಟುಕೊಂಡಳು.

ಅಂದು ಅವನ ಪಕ್ಕದಲ್ಲೇ ನಿಂತು ಅಜ್ಜಿಗೆ ಹೇಳಿದಳು. "ಅಜ್ಜಿ... ನಂಗೆ ಇವನು ತುಂಬಾ ಇಷ್ಟ ಆಗ್ತಿದಾನೆ ಕಣೇ. ಆದ್ರೆ ಏನು ಪ್ರಯೋಜನ? ಭಾಷೆ ಬೇರೆ, ದೇಶ ಬೇರೆ..."

"ಭಾಷೆ ಹಾಳಾಗ್ಲಿ," ಎಂದರು ಅಜ್ಜಿ, ಪಕ್ಕದವರಿಗೂ ಕೇಳುವಷ್ಟು ಗಟ್ಟಿಯಾಗಿ. "ಹೂಂಗುಟ್ಟೋಕೆ ಬರತ್ತಾ ಅವನಿಗೆ? ಅದೊಂದು ಬಂದ್ರೆ ಸಂಸಾರ ಆಗತ್ತೆ. ನಿಮ್ಮ ತಾತಂಗೆ ಇನ್ನೇನು ಬರ್ತಿತ್ತು ಹೇಳು!"

ರಮೋನ್ ಯಾಕೋ ಕಾಫಿ ನೆತ್ತಿಗೇರಿಸಿಕೊಂಡು ಕೆಮ್ಮಿದ.

ಕೊನೆಗೂ ಪರೀಕ್ಷೆಯ ಸಂಜೆ ಬಂತು. ಸಿಡ್ನಿಯ ಶಿಶುವಿಹಾರದ ಮುಖ್ಯಸ್ಥೆ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಶರ್ವಾಣಿ ಆರಿಸಿಕೊಂಡಿದ್ದು ಅಜ್ಜಿ ಹೇಳುತ್ತಿದ್ದ ಬಾವಿಯ ಮೀನಿನ ಕಥೆ.

"ಒಂದೂರಿನಲ್ಲಿ ಚಿನ್ನಮ್ಮ ಎಂಬ ಹೆಂಗಸು. ಅವಳ ಬಾವಿಯಲ್ಲಿ ಒಂದು ಪುಟ್ಟ ಮೀನು..."

ನಿಲ್ಲಿಸಿದಳು. ಕೋಣೆಯಲ್ಲಿ ಮೌನ.

"ಮೀನಿಗೆ ಸಮುದ್ರ ನೋಡುವ ಆಸೆ..."

ಮತ್ತೆ ಮೌನ. ಎಲ್ಲರೂ ಸೌಜನ್ಯದಿಂದ, ಕೈಕಟ್ಟಿ, ಉಸಿರೂ ಕೇಳಿಸದಂತೆ ಕುಳಿತಿದ್ದರು.

ಹುಟ್ಟಿದಾಗಿನಿಂದ ಒಂದು ಕಥೆಯನ್ನೂ ಅವಳು ಹೀಗೆ ಕೇಳಿದವಳಲ್ಲ, ಹೇಳಿದವಳೂ ಅಲ್ಲ. ಅಜ್ಜಿ ಒಂದು ಸಾಲು ಹೇಳಿದರೆ ಇವಳು 'ಹ್ಞೂಂ' ಅನ್ನಬೇಕು. ಅಂದರಷ್ಟೇ ಮುಂದಿನ ಸಾಲು. 'ಹೂಂಗುಟ್ಟದಿದ್ರೆ ಕಥೆ ದಾರಿ ತಪ್ಪಿ ಕಾಡಿಗೆ ಹೋಗತ್ತೆ ಪುಟ್ಟಿ!' ಹಾಸಿಗೆಯಲ್ಲಿ ಹೂಂಗುಟ್ಟುತ್ತಲೇ ನಿದ್ದೆ ಹೋಗುತ್ತಿದ್ದಳು. ಹಾಗಾಗಿ ಆ ಮೀನಿನ ಕಥೆಯ ಕೊನೆಯನ್ನು ಅವಳು ಎಂದೂ ಕೇಳಿರಲೇ ಇಲ್ಲ!

ಈಗ ಕಥೆ ನಿಜಕ್ಕೂ ಕಾಡಿಗೆ ಹೋಗಿತ್ತು. ಕಲಿತ ಪದಗಳೆಲ್ಲ ಮಾಯ. ಕಣ್ಣಲ್ಲಿ ನೀರು... ಸಿಡ್ನಿ ಕೈತಪ್ಪಿತು!

ಆಗ, ಹಿಂದಿನ ಬೆಂಚಿನಿಂದ ಕೇಳಿತು.

"ಹ್ಞೂಂ..."

ಮೂಗಿನಲ್ಲಿ ಹುಟ್ಟಿ ಎದೆಯಲ್ಲಿ ಮುಗಿಯುವ, ಎಳೆದು ಬಿಟ್ಟ, ಅಪ್ಪಟ ಹೂಂ!

ಶರ್ವಾಣಿ ಬೆಚ್ಚಿದಳು. ಬಾಯಿ ತಾನಾಗಿ ತೆರೆಯಿತು. "ಮೀನು... ಚಿನ್ನಮ್ಮನ ಕೊಡದೊಳಗೆ ಅವಿತುಕೊಂಡಿತು."

"ಹ್ಞೂಂ... ಆಮೇಲೆ?"

ಆಮೇಲೆ! ಕನ್ನಡ! ಹೇಳಿದವನು ರಮೋನ್!

ಹೇಗೆ ಮುಂದುವರಿಸಿದಳೋ ಅವಳಿಗೇ ಗೊತ್ತಿಲ್ಲ. ಕೊಡ ಉರುಳಿ ಮೀನು ಕಾಲುವೆಗೆ ಬಿತ್ತು, ಹ್ಞೂಂ... ಕಾಲುವೆಯಿಂದ ಹೊಳೆಗೆ, ಹ್ಞೂಂ... ಹೊಳೆಯಿಂದ ಸಮುದ್ರಕ್ಕೆ. ಸಮುದ್ರ ಕೇಳಿತು, 'ನೀನು ಯಾವ ನೀರು?' ಅಲ್ಲಿಗೆ ಅವಳು ಬಲ್ಲ ಕಥೆ ಮುಗಿದಿತ್ತು. "ಉತ್ತರ ನೀವೇ ಹೇಳಿ," ಎಂದು ಕೈಮುಗಿದಳು.

ಚಪ್ಪಾಳೆಯೋ ಚಪ್ಪಾಳೆ! ಸಿಡ್ನಿ ಸಿಕ್ಕಿತು. ಇನೆಸ್ ಟೀಚರ್ ಮಾತ್ರ ಬೆರಳೆತ್ತಿ, "ರಮೋನ್, ಬಿಸ್ಕತ್ತು!" ಎಂದರು.

ಹೊರಗಿನ ಮೆಟ್ಟಿಲ ಮೇಲೆ ಅವಳು ಅವನಿಗಾಗಿ ಕಾದು ನಿಂತಿದ್ದಳು.

"ನಿಮಗೆ ಕನ್ನಡ ಬರತ್ತೆ!"

"ಬರ್ತದೆ," ಅವನ ದನಿ ಸಣ್ಣಗಾಯಿತು. "ನನ್ನ ಹೆಸರು ರಸೆಲ್. ಬಂಟ್ವಾಳದ ಹತ್ರ ನಮ್ಮ ಮನೆ. ಮನೆಯಲ್ಲಿ ಕೊಂಕಣಿ, ಓದಿದ್ದೆಲ್ಲ ಕನ್ನಡ ಶಾಲೆಯಲ್ಲಿ. ಇಲ್ಲಿ ನರ್ಸಿಂಗ್ ಕಲಿಯುದು. ಊರ ಹೊರಗೆ ವೆರಿಬೀಯಲ್ಲಿ ನಮ್ಮ ಸಂಬಂಧಿ ಮೋಲಿ ಆಂಟಿಯ ಮನೆಯಲ್ಲಿರುದು."

"ಮತ್ತೆ ಆ ಅಜ್ಜಿ?"

"ನಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಇದ್ದಾರೆ. ಮರೆವಿನ ಕಾಯಿಲೆ. ಇಂಗ್ಲಿಷ್ ಪೂರ್ತಿ ಮರೆತು ಹೋಗಿದೆ, ಬರೀ ಸ್ಪ್ಯಾನಿಷ್ ಮಾತಾಡ್ತಾರೆ. ಯಾರೂ ಉತ್ತರ ಕೊಡ್ಲಿಕ್ಕೆ ಇಲ್ಲ ಅವರಿಗೆ... ಅದಕ್ಕೆ."

ಬೇರೆ ದಿನವಾಗಿದ್ದರೆ ಅವಳ ಮನಸ್ಸು ಕರಗುತ್ತಿತ್ತು. ಇಂದು ಕೆನ್ನೆ ಉರಿಯುತ್ತಿತ್ತು.

"ಟ್ರಾಮ್‌ನಲ್ಲಿ ಹೇಳಿದ್ದು, ಇಷ್ಟ ಅಂತ ಹೇಳಿದ್ದು... ಎಲ್ಲಾ ಕೇಳಿಸ್ಕೊಂಡು ಸುಮ್ನೆ ಕೂತಿದ್ರಲ್ಲ! ಮಜಾ ಬಂತಾ?"

"ಮೊದಲ ದಿನ ತಮಾಷೆ ಅನಿಸಿದ್ದು ಹೌದು. ಆಮೇಲೆ ಹೇಳ್ಲಿಕ್ಕೆ ಹೆದರಿಕೆ ಆಯ್ತು ಮಾರಾಯ್ರೆ... ಗೊತ್ತಾದ್ರೆ ನೀವು ನನ್ನ ಹತ್ರ ಹಾಗೆ ನಗುದಿಲ್ಲ ಅಂತ."

"ಅದು ನಮ್ಮಜ್ಜಿಗೆ ಹೇಳಿದ್ದು ರಸೆಲ್. ನಿಮಗಲ್ಲ!"

ಅವಳು ತಿರುಗಿ ನೋಡದೆ ಟ್ರಾಮ್ ಹತ್ತಿದಳು. ನೀಲಿ ಗ್ಲೌಸು ಮಾತ್ರ ಕೈಯಲ್ಲೇ ಇತ್ತು.

ಸಿಡ್ನಿ ಅವಳನ್ನು ನೇರಳೆ ಹೂವಿನ ಜಕರಾಂಡ ಮರಗಳಿಂದ ಬರಮಾಡಿಕೊಂಡಿತು. ಶಿಶುವಿಹಾರದ ಪುಟಾಣಿಗಳು ಮೊದಲ ವಾರದಲ್ಲೇ ಅವಳನ್ನು 'ಲೂನಾ ಟೀಚರ್' ಮಾಡಿಕೊಂಡವು. ಕಥೆ ಶುರು ಮಾಡುವ ಮೊದಲು ಅವಳು ಎಲ್ಲರಿಗೂ ಹೂಂಗುಟ್ಟುವುದನ್ನು ಕಲಿಸಿದಳು. ಕೊಲಂಬಿಯಾದ ಮಗು, ಪೆರುವಿನ ಮಗು, ಸಿಡ್ನಿಯಲ್ಲೇ ಹುಟ್ಟಿದ ಮಗು... ಎಲ್ಲವೂ ಒಟ್ಟಿಗೆ, "ಹ್ಞೂಂ..."

ಸುಖವಾಗಿದ್ದಳು. ನಿಜವಾಗಿಯೂ ಸುಖವಾಗಿದ್ದಳು. ಆದರೆ ಪ್ರತಿ ಹೂಂ ಕೇಳಿದಾಗಲೂ ಕಿವಿ ಹಿಂದಿನ ಬೆಂಚಿನ ಒಂದು ದನಿಯನ್ನು ಹುಡುಕುತ್ತಿತ್ತು...

"ಸಿಟ್ಟು ಯಾಕೆ ನಿಂಗೆ?" ಒಂದು ಸಂಜೆ, ನಡೆದದ್ದನ್ನೆಲ್ಲ ಫೋನಿನಲ್ಲಿ ಆಲಿಸಿದ ಮೇಲೆ, ಅಜ್ಜಿ ಕೇಳಿದರು. "ಅವನು ಗುಟ್ಟು ಕೇಳಿಸ್ಕೊಂಡ ಅಂತಾನೋ, ಮುಚ್ಚಿಟ್ಟ ಅಂತಾನೋ?"

"ಎರಡೂ!"

"ಮುಚ್ಚಿಟ್ಟಿದ್ದು ತಪ್ಪೇ. ನಾನೂ ಒಪ್ತೀನಿ. ಆದ್ರೆ ಅವತ್ತು ಬಾಯಿ ಮುಚ್ಕೊಂಡು ಕೂತಿದ್ರೆ ನಿಂಗೆ ಗೊತ್ತೇ ಆಗ್ತಿರ್ಲಿಲ್ಲ ಅಲ್ವೇನೇ? ನೀನು ಕೈಬಿಟ್ಟು ಹೋಗ್ತೀಯ ಅಂತ ಹೆದರ್ತಿದ್ದ ಹುಡುಗ, ಸಿಕ್ಕಿಬೀಳ್ತೀನಿ ಅಂತ ತಿಳಿದೂ ತಿಳಿದೂ ಹೂಂ ಅಂದ. ನಿನ್ನ ಕಥೆ ಉಳೀಲಿ ಅಂತ."

ಶರ್ವಾಣಿ ಮಾತಾಡಲಿಲ್ಲ.

"ಏನೇ, ನೀನೂ ಹೂಂಗುಟ್ಟೋದು ಬಿಟ್ಯಾ?"

"ಹ್ಞೂಂ... ಅಜ್ಜಿ," ಎಂದಳು.

ಅಂದೇ ರಸೆಲ್‌ಗೆ ಕನ್ನಡದಲ್ಲಿ ಮೆಸೇಜು ಕಳಿಸಿದಳು. 'ಮೀನಿನ ಕಥೆ ಇನ್ನೂ ಮುಗಿದಿಲ್ಲ. ಹೂಂಗುಟ್ಟೋರು ಬೇಕಾಗಿದ್ದಾರೆ.'

ಶನಿವಾರ ಬೆಳಗ್ಗೆ ಸರ್ಕ್ಯುಲರ್ ಕೀ ಬಂದರಿನ ಕಟ್ಟೆಯ ಮೇಲೆ ರಸೆಲ್ ನಿಂತಿದ್ದ. ಕೆದರಿದ ಗುಂಗುರು ಕೂದಲು, ಕೈಯಲ್ಲೊಂದು ಬಿಸ್ಕತ್ತಿನ ಪ್ಯಾಕೆಟ್ಟು.

ಶರ್ವಾಣಿ ಹತ್ತಿರ ಬಂದು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಶರ್ಟಿಗೆ ಇಸ್ತ್ರಿ ಇಲ್ಲ!"

"ಮೆಲ್ಬರ್ನಿನಿಂದ ಬಸ್ಸಿನಲ್ಲಿ ಕೂತು ಬಂದದ್ದು ಮಾರಾಯ್ರೆ! ಹಸು ಸಹ ಇಷ್ಟು ಅಗಿಯುದಿಲ್ಲ."

ತಡೆಯಲಾರದೆ ನಕ್ಕುಬಿಟ್ಟಳು. ಅವನು ನಗಲಿಲ್ಲ.

"ಶರ್ವಾಣಿ, ಮೊದಲೇ ಹೇಳ್ಬೇಕಿತ್ತು. ತಪ್ಪಾಯ್ತು."

ಅವಳ ನಿಜವಾದ ಹೆಸರನ್ನು ಅವನು ಕರೆದಿದ್ದು ಅದೇ ಮೊದಲು. ಎಷ್ಟು ಚೆನ್ನಾಗಿ ಕೇಳಿಸಿತು!

"ಇನ್ಮೇಲೆ ನನ್ನ ಗುಟ್ಟು ಕೇಳೋದಿದ್ರೆ ಎದುರಿಗೆ ಕೂತು ಕೇಳ್ಬೇಕು. ಕನ್ನಡದಲ್ಲಿ."

"ಆಯ್ತು. ಹಾಗಾದ್ರೆ ನನ್ನದೂ ಒಂದು ಉಂಟು... ಸ್ಪ್ಯಾನಿಷ್‌ನಲ್ಲಿ ಹೇಳ್ಲಿಕ್ಕೆ ಮಳೆ, ರೊಟ್ಟಿ ಬಿಟ್ಟು ಬೇರೆ ಬರುದಿಲ್ಲ. ಕೊಂಕಣಿ ನಿಮಗೆ ಅರ್ಥ ಆಗುದಿಲ್ಲ."

"ಕನ್ನಡದಲ್ಲೇ ಹೇಳಿ. ಅಜ್ಜಿಗೂ ಒಪ್ಪಿಸ್ಬೇಕಲ್ಲ!"

ಅವನು ಉಸಿರೆಳೆದುಕೊಂಡ. "ನಿಮ್ಮನ್ನು ಬಿಟ್ಟು ಇರ್ಲಿಕ್ಕೆ ಆಗುದಿಲ್ಲ ನನಗೆ. ಇದ್ದು ನೋಡಿದೆ. ಆಗ್ಲಿಲ್ಲ."

ಕಟ್ಟೆಯ ಬಳಿ ನಿಂತಿದ್ದ ಪ್ರಯಾಣಿಕರ ದೋಣಿ ಸಿಳ್ಳೆ ಹಾಕಿತು. ಇಬ್ಬರೂ ಹತ್ತಿ, ಮೇಲಂತಸ್ತಿನ ಕಟಕಟೆಗೆ ಒರಗಿ ನಿಂತರು. ಕೆಳಗೆ ಬಿಸಿಲಿಗೆ ಮಿನುಗುವ ನೀರು. ಅವಳ ಕೈ ಅವನ ಕೈಯೊಳಗಿತ್ತು. ಗ್ಲೌಸಿನ ಅಗತ್ಯವೇ ಇರಲಿಲ್ಲ.

"ಸಮುದ್ರ ಕೇಳ್ತು, 'ನೀನು ಯಾವ ನೀರು?'" ಶರ್ವಾಣಿ ಶುರುಮಾಡಿದಳು.

"ಹ್ಞೂಂ..."

"ಮೀನು ಹೇಳ್ತು, 'ನಾನು ಚಿನ್ನಮ್ಮನ ಬಾವಿ ನೀರು. ಇಲ್ಲಿ ಎಲ್ಲಾ ಉಪ್ಪು, ಎಲ್ಲಾ ಹೊಸದು. ಆದ್ರೆ ನನ್ನ ಮಾತಿಗೆ ಹೂಂ ಅನ್ನೋ ಮೀನೊಂದು ಇಲ್ಲೇ ಸಿಕ್ಕಿದೆ. ಅದಕ್ಕೆ ಇಲ್ಲೇ ಇರ್ತೀನಿ.'"

ಉತ್ತರ ಬರಲಿಲ್ಲ. ಅವಳು ತಿರುಗಿ ನೋಡಿದಳು. ಅವನ ಕಣ್ಣು ಒದ್ದೆಯಾಗಿತ್ತು.

"ಯಾಕ್ರೀ, ಹೂಂ ಎಲ್ಲಿ?"

"ಕಥೆ ಮುಗೀತಾ?" ಎಂದ ಅವನು ಮೆಲ್ಲಗೆ.

"ನೀವು ಹೂಂ ಅನ್ನೋದು ನಿಲ್ಲಿಸಿದ್ರೆ ಮುಗಿಯತ್ತೆ."

"ಹಾಗಾದ್ರೆ ಮುಗಿಯುದಿಲ್ಲ."

"ಯಾವತ್ತೂ?"

"ಹ್ಞೂಂ..."