ಮೂರೂವರೆ ಮೀಟರ್

ಬೆಳಗ್ಗೆ ಆರೂಕಾಲು ಗಂಟೆಗೆ ಲಕ್ಷ್ಮಿದೇವಮ್ಮ ಕಿರುಚಿದ್ದು ಹಾಸ್ಟೆಲಿನವರೆಗೂ ಕೇಳಿಸಿತು.

ಹುಡುಗಿಯರು ಓಡಿ ಬಂದರು. ಉದ್ದಜಿಗಿತದ ಮರಳಿನಲ್ಲಿ ಅವಳು ಕುಸಿದು ಕೂತಿದ್ದಳು. ಎರಡೂ ಕೈಯಲ್ಲಿ ಬಲಗಾಲಿನ ಹಿಮ್ಮಡಿಯನ್ನು ಅದುಮಿ ಹಿಡಿದಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಪಕ್ಕದ ಮರಳಿನಲ್ಲಿ ಕಂದು ಬಣ್ಣದ ಗಾಜಿನ ಚೂರುಗಳು ಮೇಲೆದ್ದು ಕಾಣುತ್ತಿದ್ದವು.

ಅದು ೧೯೯೩ರ ಏಪ್ರಿಲ್. ಚಿಂತಾಮಣಿಯ ಹೊರಗೆ, ಮುರುಗಮಲ್ಲದ ರಸ್ತೆಯಲ್ಲಿದ್ದ ಆ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಅಂದೇ ಬಿ.ಪಿ.ಇಡಿ. ಪ್ರಾಯೋಗಿಕ ಪರೀಕ್ಷೆ. ಎಂಟಕ್ಕೆ ಬೆಂಗಳೂರಿನಿಂದ ಪರೀಕ್ಷಕರು ಬರುವವರಿದ್ದರು. ಪಾಸಾದವರು ಹೈಸ್ಕೂಲಿಗೆ ಪಿ.ಟಿ. ಟೀಚರ್ ಆಗಬಹುದು. ಸಾದಲಿಯ ಕಡೆಯಿಂದ ಆ ಕೋರ್ಸಿಗೆ ಬಂದ ಮೊದಲ ಹೆಣ್ಣುಮಗಳು ಲಕ್ಷ್ಮಿದೇವಮ್ಮ. ತಾಯಿ ಅಕ್ಕಯಮ್ಮ ಬೇರೆಯವರ ಮನೆಯಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹಾಕುವ ಕೆಲಸ ಮಾಡಿ ಮಗಳನ್ನು ಓದಿಸಿದ್ದಳು.

ಏಳೂವರೆಗೆ ಸಬ್ ಇನ್ಸ್‌ಪೆಕ್ಟರ್ ಗಂಗುಲಪ್ಪ ಜೀಪಿನಿಂದಿಳಿದರು. ಮೂವತ್ನಾಲ್ಕರ ಪ್ರಾಯ. ಚುರುಕು. ಆತುರವೂ ಅಷ್ಟೇ.

ಮರಳಿನ ಮುಂದೆ ಕೂತು ನೋಡಿದರು. ಚೂರುಗಳು ಆಕಸ್ಮಿಕವಾಗಿ ಬಿದ್ದವಲ್ಲ. ಒಂದೊಂದನ್ನೂ ಮೊನಚು ಮೇಲೆ ಬರುವಂತೆ ನೆಟ್ಟು, ಮೇಲೆ ತೆಳ್ಳಗೆ ಮರಳು ಹರಡಿದ್ದರು.

"ಯಾರೂ ಮುಟ್ಟಬೇಡಿ. ಸುತ್ತ ಹಗ್ಗ ಕಟ್ರಪ್ಪ," ಎಂದು ಪೇದೆಗೆ ಹೇಳಿದರು. "ಈ ಮರಳು ನೋಡ್ಕೊಳ್ಳೋರು ಯಾರು?"

"ಕೋನಪ್ಪ ಸಾರ್. ಗ್ರೌಂಡ್ ಕೆಲಸದವನು," ಯಾರೋ ಹೇಳಿದರು. "ಮೊನ್ನೆ ತಾನೇ ಲಕ್ಷ್ಮಿದೇವಮ್ಮಂಗೂ ಅವನಿಗೂ ಜಗಳ ಆಗಿತ್ತು."

ಕೋನಪ್ಪ ಬಂದು ನಿಂತ. ಐವತ್ತರ ಹತ್ತಿರದ ಸಣಕಲು ಆಳು.

"ಏನೋ ಜಗಳ?"

"ಮರಳು ಗಟ್ಟಿಯಾಗೈತೆ, ಸರಿಯಾಗಿ ಅಗೆದು ಹಾಕು ಅಂದ್ಲು ಸ್ವಾಮಿ. ನಾನೂ ಒಂದು ಮಾತಂದೆ. ಅಷ್ಟೇಯ."

"ನಿನ್ನೆ ಕೊನೇಲಿ ಮರಳು ಸಮ ಮಾಡಿದ್ದು ಯಾರು?"

"ನಾನೇ. ಆರು ಗಂಟೆಗೆ."

"ಕುಡೀತೀಯಾ?"

ಕೋನಪ್ಪ ತಲೆ ತಗ್ಗಿಸಿದ. "ಕುಡೀತೀನಿ ಸ್ವಾಮಿ. ಆದ್ರೆ ನಾನು ಕುಡಿಯೋದು ಸಾರಾಯಿ ಪಾಕೀಟು. ಬಾಟ್ಲಿ ನಮ್ಗೆಲ್ಲಿ…"

ಮಾತು ಮುಗಿಯುವ ಮೊದಲೇ ಗಂಗುಲಪ್ಪನವರ ಕೈ ಬೀಸಿತು. ಕೋನಪ್ಪ ಒಂದು ಹೆಜ್ಜೆ ಹಿಂದಕ್ಕೆ ತೂರಾಡಿದ. ನಲವತ್ತು ಜನ ವಿದ್ಯಾರ್ಥಿಗಳು ನೋಡುತ್ತಿದ್ದರು. ಅವನನ್ನು ಜೀಪಿನ ಹಿಂದೆ ಹತ್ತಿಸಿದರು.

ಗುಂಪಿನ ಅಂಚಿನಲ್ಲಿ ಒಬ್ಬ ಹುಡುಗ ಬಿಳಿಚಿಕೊಂಡು ನಿಂತಿದ್ದ. ಗಂಗುಲಪ್ಪ ಗುರುತು ಹಿಡಿದರು.

"ನೀನು ಶಿಡ್ಲಘಟ್ಟದ ವೆಂಕಟೇಶಮೂರ್ತಿ ಮೇಷ್ಟ್ರ ಮಗ ಅಲ್ವೇನಪ್ಪ?"

"ಹೌದು ಸಾರ್. ಯೋಗನರಸಿಂಹ."

"ನಾನು ನಿಮ್ಮ ತಂದೆ ಹತ್ರ ಓದಿದೋನು ಕಣಪ್ಪ. ಹೆದರ್ಕೋಬೇಡ. ಬಾ, ಟೀ ಕುಡಿ. ನಿನ್ನೆ ಸಂಜೆ ಇಲ್ಲಿ ಯಾರನ್ನಾದ್ರೂ ನೋಡಿದ್ಯಾ?"

"ಇಲ್ಲ ಸಾರ್. ನಾನು ಐದೂವರೆ ಬಸ್ಸಿಗೇ ಊರಿಗೆ ಹೋದೆ."

ಅಲ್ಲಿಗೆ ಅವನ ವಿಚಾರಣೆ ಮುಗಿಯಿತು.

*

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ಮೆಲ್ಲಗೆ ಹೇಳಿದರು. "ಹಿಮ್ಮಡಿ ಮೇಲಿನ ನರ ಮುಕ್ಕಾಲು ಪಾಲು ಕತ್ತರಿಸಿದೆ. ಹೊಲಿದಿದ್ದೀವಿ. ನಡೀತಾಳೆ. ಮೊದಲಿನ ಹಾಗೆ ಓಡೋದು ಕಷ್ಟ."

ಅಕ್ಕಯಮ್ಮ ಆಗಲೇ ಬಂದಿದ್ದಳು. ಸೆರಗಿನಲ್ಲಿ ಇನ್ನೂ ಹಿಪ್ಪುನೇರಳೆ ಎಲೆಯ ಚೂರುಗಳಿದ್ದವು. "ನಾ ತಲ್ಲಿ, ನನ್ನ ತಾಯಿ" ಎಂದು ತೆಲುಗು, ಕನ್ನಡ ಎರಡರಲ್ಲೂ ಕರೆಯುತ್ತ ಮಗಳ ಹಣೆ ಸವರುತ್ತಿದ್ದಳು.

ಲಕ್ಷ್ಮಿದೇವಮ್ಮ ಅಳುತ್ತಿರಲಿಲ್ಲ. "ಪರೀಕ್ಷೆ ನಡೀತಾ ಇದ್ಯಾ ಸಾರ್?" ಎಂದು ಕೇಳಿದಳು.

"ಮುಂದಕ್ಕೆ ಹಾಕಿದಾರಮ್ಮ. ಕೋನಪ್ಪನ್ನ ಹಿಡಿದಿದ್ದೀವಿ."

ಅವಳು ದಿಂಬಿನಿಂದ ತಲೆಯೆತ್ತಿದಳು. "ಕೋನಪ್ಪನ್ನಾ? ಯಾಕೆ ಸಾರ್? ಜಗಳ ಆದ ಮಾರನೇ ದಿನವೇ ಪೂರ್ತಿ ಮರಳು ಅಗೆದು, ಜರಡಿ ಹಿಡಿದು ಹಾಕಿದ. 'ಹಾರಮ್ಮ ಈಗ' ಅಂದ. ಅವನು ಮಾಡಲ್ಲ ಸಾರ್."

ಗಂಗುಲಪ್ಪನವರಿಗೆ ಸ್ವಲ್ಪ ಕಸಿವಿಸಿಯಾಯಿತು. "ಬೆಳಗ್ಗೆ ಏನು ನಡೀತು, ಸರಿಯಾಗಿ ಹೇಳಮ್ಮ."

"ಬರಿಗಾಲಲ್ಲೇ ಇದ್ದೆ. ಪೂರಾ ಓಡಿ ಹಾರಲಿಲ್ಲ ಸಾರ್. ಮೈ ಬಿಸಿ ಆಗ್ಲಿ ಅಂತ ಐದೇ ಹೆಜ್ಜೆ ಹಾಕಿ ಹಾರಿದೆ. ಹತ್ತಿರದಲ್ಲೇ ಬಿದ್ದೆ."

ಆ ಮಾತನ್ನು ಅವರು ಪುಸ್ತಕದಲ್ಲಿ ಬರೆದುಕೊಂಡರು. ಅದರ ಅರ್ಥ ಆಗ ಹೊಳೆಯಲಿಲ್ಲ.

*

ಅರ್ಥ ಬಿಡಿಸಿ ಹೇಳಿದವರು ಕಮಲಮ್ಮ ಮೇಡಂ. ಅಥ್ಲೆಟಿಕ್ಸ್ ಕಲಿಸುವ ಉಪನ್ಯಾಸಕಿ. ಗಂಗುಲಪ್ಪ ಮತ್ತೆ ಮೈದಾನಕ್ಕೆ ಬಂದಾಗ ಅವರು ಹಗ್ಗದ ಹೊರಗೆ ಟೇಪು ಹಿಡಿದು ನಿಂತಿದ್ದರು.

ಗಂಗುಲಪ್ಪ ಮೊದಲು ಕೋನಪ್ಪನ ಶೆಡ್ಡಿನ ಹಿಂದೆ ಹೋಗಿ ನೋಡಿದರು. ಕಸದ ಗುಡ್ಡೆಯಲ್ಲಿ ಸಾರಾಯಿಯ ಖಾಲಿ ಪ್ಲಾಸ್ಟಿಕ್ ಪಾಕೀಟುಗಳು ಮಾತ್ರ. ಒಂದೇ ಒಂದು ಬಾಟಲಿ ಇರಲಿಲ್ಲ. ಬೆಳಗ್ಗೆ ಅವನು ಹೇಳಿದ್ದು ಇದನ್ನೇ. ಹೊಡೆದ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಸಾರ್, ಒಂದು ಅಳತೆ ನೋಡ್ಬೇಕು," ಎಂದರು ಕಮಲಮ್ಮ. ಹಾರುವ ಹಲಗೆಯಿಂದ ಗಾಜಿನವರೆಗೆ ಟೇಪು ಎಳೆದರು. "ಮೂರೂವರೆ ಮೀಟರ್. ಆ ಕಡೆ ಈ ಕಡೆ ಒಂದು ಗೇಣು. ಅದರಿಂದಾಚೆ ಒಂದು ಚೂರೂ ಇಲ್ಲ."

"ಏನು ಹಾಗಂದ್ರೆ?"

"ಲಕ್ಷ್ಮಿದೇವಮ್ಮ ನಾಲ್ಕೂವರೆ ಮೀಟರ್ ದಾಟ್ತಾಳೆ. ಉಳಿದ ಹುಡುಗಿಯರೂ ನಾಲ್ಕರ ಮೇಲೇ. ಹುಡುಗರಿಗೆ ಪಾಸಾಗೋಕೇ ನಾಲ್ಕೂವರೆ ಬೇಕು, ಹಾರೋದು ಐದರ ಮೇಲೆ. ಅವಳಿಗೆ ಪೆಟ್ಟಾಗ್ಲಿ ಅಂತ ಇಟ್ಟಿದ್ರೆ ಇನ್ನೂ ಒಂದು ಮೀಟರ್ ಆಚೆ ಇಡ್ತಿದ್ರು. ಪೂರಾ ಓಡಿ ಬಂದು ಹಾರಿದ್ರೆ ಇಲ್ಲಿ ಯಾರೂ ಬೀಳಲ್ಲ ಸಾರ್."

"ಯಾರೂ?"

ಕಮಲಮ್ಮ ಅಭ್ಯಾಸದ ರಿಜಿಸ್ಟರ್ ತೆರೆದರು. ಒಂದು ಸಾಲಿನ ಮೇಲೆ ಬೆರಳಿಟ್ಟರು. ಮೂರು ಪಾಯಿಂಟ್ ನಾಲ್ಕು. ಮೂರು ಪಾಯಿಂಟ್ ಆರು. ಮೂರು ಪಾಯಿಂಟ್ ಐದು. ಇಡೀ ವರ್ಷ ಅಷ್ಟೇ.

"ಒಬ್ಬ ಬೀಳ್ತಾನೆ. ಯೋಗನರಸಿಂಹ."

ಗಂಗುಲಪ್ಪ ಜೀಪಿನ ಕಡೆ ತಿರುಗಿದರು. ಹಾಗಾದರೆ ಗುರಿ ಮೇಷ್ಟ್ರ ಮಗ! ಆ ಹುಡುಗನಿಗೆ ಯಾರೋ ಶತ್ರುಗಳಿದ್ದಾರೆ. ಮೊದಲು ಅವನನ್ನು ಕಾಪಾಡಬೇಕು.

ಜೀಪು ಶಿಡ್ಲಘಟ್ಟದ ಕಡೆ ಹೊರಟಿತು.

*

ನಿವೃತ್ತ ಹೆಡ್‌ಮಾಸ್ಟರ್ ವೆಂಕಟೇಶಮೂರ್ತಿಗಳು ಬಾಗಿಲಲ್ಲೇ ಎದುರುಗೊಂಡರು. ಗಂಗುಲಪ್ಪ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಕಾಲು ಮುಟ್ಟಿ ನಮಸ್ಕರಿಸಿದರು.

"ಕೂತ್ಕೋ ಗಂಗುಲಪ್ಪ. ನಮ್ಮ ಹುಡುಗ ಬೆಳಗ್ಗೆ ಬಂದೋನು ಊಟಾನೂ ಮಾಡಿಲ್ಲ, ಮಾತೂ ಆಡಿಲ್ಲ."

"ಮೇಷ್ಟ್ರೇ, ಆ ಗಾಜು ನಿಮ್ಮ ಮಗನಿಗೆ ಇಟ್ಟದ್ದು. ಅವನಿಗೆ ಯಾರ ಜೊತೆಗಾದ್ರೂ ದ್ವೇಷ ಇತ್ತಾ?"

ಮುದುಕರ ಮುಖ ಕಳೆಗುಂದಿತು. "ಅವನಿಗೆ ಯಾರಪ್ಪ ಶತ್ರುಗಳು? ಪಾಪ, ಪರೀಕ್ಷೆಗೆ ಅಂತ ಒದ್ದಾಡ್ತಿದ್ದ. ನಿನ್ನೇನೂ ಅಷ್ಟೇ. ಪ್ರಾಕ್ಟೀಸ್ ಇತ್ತು ಅಂತ ಮನೆಗೆ ಬರೋ ಹೊತ್ತಿಗೆ ಎಂಟಾಗಿತ್ತು."

ಗಂಗುಲಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬಸ್ಸಿನಲ್ಲಿ ಒಂದು ಗಂಟೆ. ಐದೂವರೆಗೆ ಹೊರಟವನು ಆರೂವರೆಗೆ ಮನೆಯಲ್ಲಿರಬೇಕು. ಕೋನಪ್ಪ ಮರಳು ಸಮ ಮಾಡಿ ಹೋದದ್ದು ಆರಕ್ಕೆ.

ಬೆಳಗ್ಗೆ ಆ ಹುಡುಗನನ್ನು ಎರಡನೇ ಪ್ರಶ್ನೆ ಕೇಳಿರಲಿಲ್ಲ. ಟೀ ಕೊಡಿಸಿದ್ದರು.

"ಮೇಷ್ಟ್ರೇ, ಅವನ ಬ್ಯಾಗ್ ನೋಡ್ಬಹುದಾ?"

ಮೇಷ್ಟ್ರು ಅನುಮಾನಪಡಲಿಲ್ಲ. ಒಳಗಿಂದ ತಾವೇ ತಂದು ಚಾಪೆಯ ಮೇಲೆ ಬಿಚ್ಚಿದರು. ಬನಿಯನ್ನು, ಚಡ್ಡಿ. ಅದರ ಕೆಳಗೆ ಹೊಸ ಹತ್ತಿಯ ಸುರುಳಿ, ಗಾಯಕ್ಕೆ ಸುತ್ತುವ ಬಟ್ಟೆ, ಟಿಂಚರ್ ಸೀಸೆ. ಯಾವುದನ್ನೂ ಇನ್ನೂ ತೆರೆದಿರಲಿಲ್ಲ. ಕೊನೆಗೆ ಮಡಿಸಿದ ಒಂದು ಹಾಳೆ.

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಲು ಶುರುಮಾಡಿದರು. "ಪ್ರಾಂಶುಪಾಲರಿಗೆ… ಈ ದಿನ ಉದ್ದಜಿಗಿತದ ಪರೀಕ್ಷೆಯ ಸಮಯದಲ್ಲಿ ನನ್ನ ಕಾಲಿಗೆ ಗಾಯವಾಗಿರುವುದರಿಂದ… ನಿಯಮದಂತೆ ಆಂತರಿಕ ಅಂಕಗಳ ಸರಾಸರಿ ನೀಡಿ…"

ದನಿ ಅಲ್ಲಿಗೇ ನಿಂತಿತು. ಕೆಳಗೆ ಅಂದಿನ ತಾರೀಖು, ಮಗನ ರುಜು.

"ಇವತ್ತು ಪರೀಕ್ಷೆನೇ ಆಗ್ಲಿಲ್ಲವಲ್ಲ," ಎಂದರು ಮೇಷ್ಟ್ರು, ತಮಗೆ ತಾವೇ. ಆಮೇಲೆ ಒಳಗೆ ತಿರುಗಿ ಕೂಗಿದರು. "ಯೋಗಿ, ಇದು ಯಾವಾಗ ಬರೆದದ್ದು?"

ಬಾಗಿಲ ಹಿಂದಿನಿಂದ ಯೋಗನರಸಿಂಹ ಬಂದ. ಗೋಡೆಗೆ ಒರಗಿ ಹಾಗೇ ಕೆಳಗೆ ಕೂತ.

"ನಿನ್ನೆ ಮಧ್ಯಾಹ್ನ ಅಪ್ಪ."

ಗಂಗುಲಪ್ಪ ತಗ್ಗಿದ ದನಿಯಲ್ಲಿ ಹೇಳಿದರು. "ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದು. ಪಾಸಾಗೋಕೆ ಹುಡುಗರಿಗೆ ನಾಲ್ಕೂವರೆ ಮೀಟರ್ ಬೇಕು. ನೀನು ಯಾವತ್ತೂ ಹಾರಿಲ್ಲ. ಪರೀಕ್ಷೆ ಮಧ್ಯೆ ಗಾಯ ಆದೋರಿಗೆ ಸರಾಸರಿ ಅಂಕ ಸಿಗುತ್ತೆ. ಉಳುಕಿದೆ ಅಂತ ಸುಳ್ಳು ಹೇಳಿದ್ರೆ ಡಾಕ್ಟರು ಹಿಡಿದುಬಿಡ್ತಾರೆ. ಅದಕ್ಕೆ ಪರೀಕ್ಷಕರ ಕಣ್ಣೆದುರೇ ರಕ್ತ ಬರ್ಬೇಕಿತ್ತು. ಕೋನಪ್ಪ ಹೋಗೋವರೆಗೂ ಕಾದೆ. ನಿನ್ನ ಕಾಲು ಬೀಳೋ ಜಾಗ ನಿನಗೆ ಗೊತ್ತಿತ್ತು."

"ಅಪ್ಪನ ಟಾನಿಕ್ಕಿನ ಖಾಲಿ ಬಾಟ್ಲಿ ಸಾರ್," ಎಂದ ಹುಡುಗ. "ಸ್ವಲ್ಪ ಕೊಯ್ದರೆ ಸಾಕು ಅನ್ಕೊಂಡಿದ್ದೆ. ಬೇರೆ ಯಾರೂ ಅಲ್ಲಿ ಬೀಳಲ್ಲ ಸಾರ್. ವರ್ಷವೆಲ್ಲಾ ಅಲ್ಲಿ ಬಿದ್ದಿರೋನು ನಾನೊಬ್ಬನೇ. ಎಲ್ಲರೂ ನಗ್ತಿದ್ರು. ಲಕ್ಷ್ಮಿದೇವಮ್ಮ ಮಾತ್ರ ನಗ್ತಿರ್ಲಿಲ್ಲ. ಹೆಂಗೆ ಓಡ್ಬೇಕು ಅಂತ ಹೇಳಿಕೊಡ್ತಿದ್ಲು." ಅವನು ಮೊಣಕಾಲಲ್ಲಿ ಮುಖ ಹುದುಗಿಸಿದ.

"ಕೋನಪ್ಪನಿಗೆ ನಾನು ಹೊಡೆದಾಗ ಅಲ್ಲೇ ಇದ್ದೆಯಲ್ಲೋ. ಬಾಯಿ ಬಿಡ್ಬಾರದಿತ್ತಾ?"

ಹುಡುಗ ಇನ್ನಷ್ಟು ಮುದುಡಿಕೊಂಡ.

ಮಾತಾಡಿದವರು ಮೇಷ್ಟ್ರು. "ಅವನಿಗೆ ಆಟ ಬರಲ್ಲ ಗಂಗುಲಪ್ಪ. ಚಿಕ್ಕಂದಿನಿಂದ ಬರಲ್ಲ. ಬಿ.ಎ. ಮಾಡಿ ಎರಡು ವರ್ಷ ಮನೇಲಿದ್ದ. ಪಿ.ಟಿ. ಮೇಷ್ಟ್ರ ಕೆಲಸಕ್ಕೆ ಪೈಪೋಟಿ ಕಡಿಮೆ ಅಂತ ನಾನೇ ಸೇರಿಸಿದೆ. ಸೀಟಿಗೆ ಕ್ರೀಡಾ ಸರ್ಟಿಫಿಕೇಟ್ ಬೇಕಿತ್ತು. ಜಿಲ್ಲಾ ಮಟ್ಟದಲ್ಲಿ ಖೋ-ಖೋ ಆಡಿದ್ದಾನೆ ಅಂತ ಬರೆದು ಶಾಲೆಯ ಮೊಹರು ಒತ್ತಿದೋನು ನಾನು." ಹಾಳೆಯನ್ನು ಮಡಿಸಿ ಗಂಗುಲಪ್ಪನವರ ಕೈಗಿಟ್ಟರು. "ಮೂವತ್ತೆಂಟು ವರ್ಷ ಪಾಠ ಹೇಳಿದೆ. ನಿನ್ನ ಮುಖ ನೋಡೋಕೆ ಆಗ್ತಿಲ್ಲ. ಅದನ್ನೂ ಬರ್ಕೋ."

ಗಂಗುಲಪ್ಪ ಬರೆದುಕೊಂಡರು. ಅವರಿಗೂ ಮೇಷ್ಟ್ರ ಮುಖ ನೋಡಲಾಗಲಿಲ್ಲ.

*

ಠಾಣೆಗೆ ಬಂದಾಗ ಸಂಜೆ ಐದು. ಯೋಗನರಸಿಂಹನ ಹೇಳಿಕೆ ಬರೆಸಿ, ಕೇಸು ದಾಖಲಿಸಿದರು. ಕಮಲಮ್ಮನವರು ಆ ಹೊತ್ತಿಗೆ ಪರೀಕ್ಷಕರ ಜೊತೆ ವಾದ ಮಾಡಿ ಬಂದಿದ್ದರು. ಗಾಯವಾದದ್ದು ಪರೀಕ್ಷೆಗೆ ಮುಂಚೆಯಾದರೂ ಆ ನಿಯಮ ಲಕ್ಷ್ಮಿದೇವಮ್ಮನಿಗೂ ಅನ್ವಯಿಸುತ್ತದೆ ಎಂದು ಒಪ್ಪಿಸಿದ್ದರು. ಅವಳ ಆಂತರಿಕ ಅಂಕಗಳು ಕಾಲೇಜಿಗೇ ಹೆಚ್ಚು. ಡಿಗ್ರಿ ಸಿಗುತ್ತದೆ.

"ಓಡದ ಪಿ.ಟಿ. ಟೀಚರ್‌ನ ಯಾರು ತಗೋತಾರೆ ಮೇಡಂ ಅಂತ ಕೇಳಿದ್ಲು ಸಾರ್," ಎಂದರು ಕಮಲಮ್ಮ. "ನೀನು ಓಡೋದು ಬೇಡ, ಓಡಿಸು ಅಂದೆ. ಒಪ್ಕೊಂಡ ಹಾಗೆ ಕಾಣಲಿಲ್ಲ."

ಕೋನಪ್ಪ ಲಾಕಪ್ಪಿನ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ. ಕೆನ್ನೆ ಊದಿತ್ತು. ಕಮಲಮ್ಮ ಹೊರಟ ಮೇಲೆ ಗಂಗುಲಪ್ಪ ತಾವೇ ಬೀಗ ತೆಗೆದರು.

"ತಪ್ಪಾಯ್ತು ಕೋನಪ್ಪ. ನೀನು ಹೇಳಿದ್ದು ನಿಜ. ನಾನು ಕೇಳಿಸಿಕೊಳ್ಳಲಿಲ್ಲ."

ಕೋನಪ್ಪ ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಹೊಸ್ತಿಲವರೆಗೆ ಹೋಗಿ ನಿಂತ.

"ಹೊಡೆದದ್ದು ಕಾಲೇಜಿನೋರೆಲ್ಲರ ಮುಂದೆ ಸ್ವಾಮಿ. ಈ ಮಾತು ಇಲ್ಲಿ, ನಾವಿಬ್ರೇ ಇದ್ದಾಗ ಹೇಳ್ತಿದ್ದೀರಿ."

ಗಂಗುಲಪ್ಪ ಮಾರನೆಯ ದಿನ ಬೆಳಗ್ಗೆ ಪ್ರಾರ್ಥನೆಯ ಹೊತ್ತಿಗೆ ಮೈದಾನಕ್ಕೆ ಬಂದರು. ಸಾಲಾಗಿ ನಿಂತ ವಿದ್ಯಾರ್ಥಿಗಳ ಮುಂದೆ ಟೋಪಿ ತೆಗೆದು ಹೇಳಿದರು. "ನಿನ್ನೆ ಇಲ್ಲಿ ಕೋನಪ್ಪನವರಿಗೆ ಹೊಡೆದೆ. ಅವರು ಏನೂ ತಪ್ಪು ಮಾಡಿರಲಿಲ್ಲ. ವಿಚಾರಿಸದೆ ಹೊಡೆದೆ. ವಿಚಾರಿಸಬೇಕಾದವನಿಗೆ ಟೀ ಕೊಡಿಸಿದೆ. ನನಗೆ ನಾಚಿಕೆಯಾಗಿದೆ."

ಕೋನಪ್ಪ ಹಿಂದೆ, ಮರಳಿನ ಹತ್ತಿರ ಗುದ್ದಲಿ ಹಿಡಿದು ನಿಂತಿದ್ದ. ಗಂಗುಲಪ್ಪ ಅಲ್ಲಿಯವರೆಗೆ ನಡೆದು ಹೋದರು.

"ಆಯ್ತು ಬಿಡಿ ಸ್ವಾಮಿ. ಎಲ್ಲಾರೂ ಕೇಳಿಸ್ಕೊಂಡ್ರು," ಎಂದ ಕೋನಪ್ಪ. "ನನ್ನ ಮಗಳು ಹೈಸ್ಕೂಲಲ್ಲಿ ಓದ್ತಾಳೆ. ಅಪ್ಪಂಗೆ ಏಟು ಬಿದ್ದದ್ದು ನಿನ್ನೆ ಮಧ್ಯಾಹ್ನಕ್ಕೇ ಅವಳಿಗೆ ಯಾರೋ ಹೇಳವ್ರೆ. ಇದನ್ನ ಯಾರು ಹೇಳ್ತಾರೋ ನೋಡೋಣ."

"ಯಾವ ಸ್ಕೂಲು?" ಎಂದು ಕೇಳಿದರು ಗಂಗುಲಪ್ಪ.

ಕೋನಪ್ಪ ಹೇಳಿದ. ಅವರು ಜೀಪು ಅಲ್ಲೇ ಬಿಟ್ಟು, ಆ ಕಡೆ ನಡೆದುಕೊಂಡೇ ಹೊರಟರು.